ದ್ರಾಕ್ಷಿ ಬೀಜ ಫ್ರಿಜ್‌ನಲ್ಲಿಟ್ರೂ ಮೊಳಕೆ ಬರ್ಲಿಲ್ಲ, ಯಾಕೆ?

ಪ್ರಶ್ನೆ: ದ್ರಾಕ್ಷಿ ಬೀಜ ಹಾಗೇ ಮಣ್ಣಿಗೆ ಹಾಕಿದ್ರೆ ಹುಟ್ಟಲ್ಲ, ಮೊದ್ಲು ತಂಪಲ್ಲಿ ಇಡ್ಬೇಕು ಅಂತ ಓದಿದ್ದೆ. ಅದಕ್ಕೆ ಬೀಜ ಚೆನ್ನಾಗಿ ಒಣಗಿಸಿ ಡಬ್ಬಿಗೆ ಹಾಕಿ 2 ತಿಂಗಳು ಫ್ರಿಜ್‌ನಲ್ಲಿಟ್ಟೆ. ಕುಂಡಕ್ಕೆ ಹಾಕಿ 3 ವಾರ ಆಯ್ತು, ಒಂದೂ ಬಂದಿಲ್ಲ. ಬೀಜ ಸತ್ತೋಯ್ತಾ?

ಉತ್ತರ: ಅಷ್ಟು ಬೇಗ ಸಾಯಲ್ಲ, ಕುಂಡದ ಮಣ್ಣು ಚೆಲ್ಲಬೇಡಿ. ತಪ್ಪಾಗಿದ್ದು ಒಂದೇ ಕಡೆ, ನೀವು ಬೀಜ ಒಣಗಿಸಿ ಇಟ್ರಿ. ಒಣಗಿದ ಬೀಜಕ್ಕೆ ತಂಪು ಕೊಟ್ರೆ ಅದು ಎಚ್ಚರ ಆಗಲ್ಲ, ಹಾಗೇ ಕೆಡದೆ ಉಳಿಯುತ್ತೆ ಅಷ್ಟೆ, ಬೀಜ ಬ್ಯಾಂಕುಗಳಲ್ಲಿ ವರ್ಷಗಟ್ಟಲೆ ಬೀಜ ಕಾಪಾಡೋದೂ ಇದೇ ರೀತಿ. ಸುಪ್ತಾವಸ್ಥೆ, ಅಂದ್ರೆ ಬೀಜದ ನಿದ್ದೆ, ಮುರಿಯೋಕೆ ತಂಪಿನ ಜೊತೆ ತೇವ ಇರ್ಲೇಬೇಕು.

ಕಾರಣ ಹೇಳ್ತೀನಿ. ಚಳಿ ಜಾಸ್ತಿ ಇರೋ ಕಡೆ ಹಣ್ಣು ಮಾಗಿ ಬೀಜ ಕೆಳಗೆ ಬಿದ್ದ ಸ್ವಲ್ಪ ದಿನಕ್ಕೇ ಚಳಿಗಾಲ ಶುರು, ಆಗ್ಲೇ ಮೊಳೆತ್ರೆ ಎಳೆ ಸಸಿ ಹಿಮಕ್ಕೆ ಸಿಕ್ಕಿ ಸಾಯುತ್ತೆ, ಹಾಗಾಗಿ ಬೀಜದೊಳಗೆ ಅಬ್ಸಿಸಿಕ್ ಆಸಿಡ್ ಅನ್ನೋ ಹಾರ್ಮೋನು ಮೊಳಕೆಯನ್ನ ತಡೆದು ಹಿಡ್ಕೊಂಡಿರುತ್ತೆ. ನೀರು ಕುಡಿದ ಬೀಜ ವಾರಗಟ್ಟಲೆ ತಂಪಲ್ಲಿದ್ರೆ ಅದರ ಹಿಡಿತ ಕಮ್ಮಿಯಾಗ್ತಾ ಹೋಗುತ್ತೆ, ಮೊಳಕೆಗೆ ದೂಡೋ ಜಿಬ್ಬರೆಲಿನ್ ಅನ್ನೋ ಇನ್ನೊಂದು ಹಾರ್ಮೋನಿನ ಕೈ ಮೇಲಾಗುತ್ತೆ. ನನಗಂತೂ ಇದು ಬೀಜ ಚಳಿಗಾಲ ಕಳೀತಾ ಅಂತ ಲೆಕ್ಕ ಇಟ್ಟ ಹಾಗೇ ಅನ್ಸುತ್ತೆ, ಎಷ್ಟು ಸಲ ನೋಡಿದ್ರೂ ಆಶ್ಚರ್ಯ ಹೋಗಲ್ಲ. ಬೀಜ ಒಣಗಿದ್ರೆ ಒಳಗೆ ಈ ಕೆಲಸ ನಡೆಯೋದೇ ಇಲ್ಲ.

ಇನ್ನೊಂದ್ಸಲ ಮಾಡೋದಾದ್ರೆ ತಿರುಳು ಒಂಚೂರೂ ಉಳಿಯದ ಹಾಗೆ ತೊಳೀರಿ, ಉಳಿದ್ರೆ ಬೂಷ್ಟು ಗ್ಯಾರಂಟಿ. ಒಂದು ದಿನ ನೀರಲ್ಲಿ ನೆನೆಸಿ, ತೇಲೋದು ಸಾಮಾನ್ಯವಾಗಿ ಜೊಳ್ಳು, ಮುಳುಗಿದ್ದನ್ನ ಇಟ್ಕೊಳ್ಳಿ. ಒದ್ದೆ ಮರಳಲ್ಲೋ ಟಿಶ್ಯೂ ಪೇಪರಲ್ಲೋ ಸುತ್ತಿ ಕವರ್‌ಗೆ ಹಾಕಿ ಫ್ರಿಜ್‌ನಲ್ಲಿ 1ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3 ತಿಂಗಳು ಇಡಿ, ಹಿಂಡಿದ್ರೆ ನೀರು ತೊಟ್ಟಿಕ್ಕಬಾರ್ದು, ಅಷ್ಟು ತೇವ ಸಾಕು. ಫ್ರೀಜರ್ ಬೇಡವೇ ಬೇಡ, ನೆನೆದ ಬೀಜದೊಳಗಿನ ನೀರು ಮಂಜುಗಡ್ಡೆ ಆದ್ರೆ ಜೀವಕೋಶ ಒಡೆದೇ ಹೋಗುತ್ತೆ. ವಾರಕ್ಕೊಂದ್ಸಲ ಬಿಚ್ಚಿ ನೋಡಿ. ಆಮೇಲೆ 20ರಿಂದ 30 ಡಿಗ್ರಿ ಬೆಚ್ಚಗಿರೋ ಜಾಗದಲ್ಲಿ ಬಿತ್ತಿ, ಎಲ್ಲಾ ಒಟ್ಟಿಗೇ ಏಳಲ್ಲ, ಕೆಲವು 2 ವಾರಕ್ಕೆ ಬರುತ್ತೆ, ಕೆಲವು 2 ತಿಂಗಳೂ ತಗೊಳ್ಳುತ್ತೆ.

ಒಂದು ಮಾತು ಮೊದ್ಲೇ ಹೇಳ್ಬೇಕಿತ್ತು, ಬೀಜದಿಂದ ಬಂದ ಬಳ್ಳಿ ತಾಯಿ ಬಳ್ಳಿ ಥರದ್ದೇ ಹಣ್ಣು ಕೊಡಲ್ಲ, ಅದೇ ರುಚಿ ಬೇಕಂದ್ರೆ ಕಡ್ಡಿ ನೆಡೋದೇ ದಾರಿ. ಹೊಸ ಥರ ಏನು ಬರುತ್ತೋ ನೋಡೋ ಆಸೆ ಇದ್ರೆ ಮಾತ್ರ ಬೀಜದ ಹಿಂದೆ ಬೀಳಿ.

ಈಗ ಕುಂಡದಲ್ಲಿರೋ ಬೀಜ ಮೆಲ್ಲಗೆ ಕೆದಕಿ ತೆಗೀರಿ. ಬೆರಳಲ್ಲಿ ಒತ್ತಿದ್ರೆ ಪಿಚಕ್ ಅಂದಿದ್ದು ಕೊಳೆತಿದೆ, ಗಟ್ಟಿ ಇರೋದು ಹೇಗೂ ಈಗಾಗ್ಲೇ ನೀರು ಕುಡಿದಿದೆ, ತೊಳೆದು ಇವತ್ತೇ ಒದ್ದೆ ಮರಳಲ್ಲಿ ಹಾಕಿ ಫ್ರಿಜ್‌ಗಿಡಿ.