ಎರಡನೇ ಭಾಗ ಸಿಗಲಿಲ್ಲ ಅಂದ್ರೆ ಏನ್ಮಾಡೋದು?

(ಹನುಮಂತನಗರದಲ್ಲಿ ಬಹಳ ವರ್ಷ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸಿದ ನಮ್ಮ ಅಂಕಣಕಾರ್ತಿ, ಈ ಸಲ ಸರಣಿ ಕಾದಂಬರಿಗಳ ಬಗ್ಗೆ ಬಂದ ಪತ್ರಗಳನ್ನು ಆರಿಸಿಕೊಂಡಿದ್ದಾರೆ.)

ಪ್ರಶ್ನೆ: ಮೇಡಂ, ನಿಮ್ಮ ಕೈಮೇಲೆ ಸಾವಿರಾರು ಪುಸ್ತಕ ಓಡಾಡಿವೆ. ಒಂದೇ ಒಂದು ಸರಣಿ ಇಟ್ಕೊಳ್ಳಿ, ಮಿಕ್ಕಿದ್ದೆಲ್ಲ ಕೊಟ್ಟುಬಿಡಿ ಅಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ? ಯಾಕೆ?
— ಓದುಗರೊಬ್ಬರು, ವಿಜಯನಗರ

ತರಾಸು ಅವರ ಚಿತ್ರದುರ್ಗದ ಕಾದಂಬರಿಗಳು. ಇದಕ್ಕೆ ನಾನು ಯೋಚನೆ ಮಾಡಬೇಕಾಗಿಯೇ ಇಲ್ಲ.

ಮೊದಲು ಓದುವ ಕ್ರಮ ಹೇಳಿಬಿಡುತ್ತೇನೆ. ಪತ್ರ ಬರೆದವರಲ್ಲಿ ಸುಮಾರು ಜನ ಅದನ್ನೇ ಕೇಳಿದ್ದಾರೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಮೂರನ್ನೂ ಇದೇ ಸಾಲಿನಲ್ಲಿ, ಒಂದರ ಹಿಂದೆ ಒಂದು ಓದಬೇಕು. ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಆಮೇಲೆ. ‘ದುರ್ಗಾಸ್ತಮಾನ’ ಎಲ್ಲಕ್ಕಿಂತ ಕೊನೆಗೆ. ಅದು 1982ರಲ್ಲಿ ಬಂತು. ತರಾಸು 1984ರಲ್ಲಿ ತೀರಿಕೊಂಡರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಪ್ರಶಸ್ತಿ ತೆಗೆದುಕೊಳ್ಳಲು ಅವರೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಇನ್ನು ಯಾಕೆ ಅಂತ ಕೇಳಿದ್ದೀರಿ. ಈ ಕಾದಂಬರಿಗಳಲ್ಲಿ ನಾಯಕರು ಬದಲಾಗುತ್ತಾರೆ, ದಳವಾಯಿಗಳು ಬದಲಾಗುತ್ತಾರೆ, ಕೋಟೆ ಮಾತ್ರ ಅದೇ. ‘ರಕ್ತರಾತ್ರಿ’ ಓದುವಾಗ ದಳವಾಯಿ ಮುದ್ದಣ್ಣನ ಮೇಲೆ ಕುದಿಯುತ್ತೀರಿ. ಅದೆಲ್ಲ ಮುಗಿದು ಎಷ್ಟೋ ಪುಸ್ತಕ ದಾಟಿ ಮದಕರಿ ನಾಯಕನ ಕಾಲಕ್ಕೆ ಬರುತ್ತೀರಿ. ಅಲ್ಲಿ ಒಬ್ಬ ಹುಡುಗ ಪಟ್ಟ ಏರುತ್ತಾನೆ. ಸುತ್ತ ನಿಂತವರಿಗೆ ಹಳೆಯದು ಅರ್ಧಂಬರ್ಧ ಗೊತ್ತು. ಆದರೆ ಇದೇ ಗೋಡೆಗಳ ನಡುವೆ ಯಾರು ಯಾರನ್ನು ನಂಬಿ ಕೆಟ್ಟರು ಅಂತ ನಮಗೆ ಪೂರ್ತಿ ಗೊತ್ತು. ಅಷ್ಟು ಹೊತ್ತಿಗೆ ಕೋಟೆಯೊಳಗೆ ಓದುಗರಿಗಿಂತ ಹಿರಿಯರು ಯಾರೂ ಉಳಿದಿರುವುದಿಲ್ಲ. ಯಾರಾದರೂ ಪಿಸುಮಾತು ಆಡಿದರೆ ಸಾಕು, ‘ಬೇಡಪ್ಪ, ಕೇಳಬೇಡ’ ಅಂತ ನಮಗೇ ಬಾಯಿಗೆ ಬರುತ್ತದೆ. ಒಂದೇ ಪುಸ್ತಕದಲ್ಲಿ ಮುಗಿಯುವ ಕಥೆ ಎಷ್ಟೇ ಚೆನ್ನಾಗಿರಲಿ, ಈ ಹಿರಿತನ ಅದರಿಂದ ಸಿಗುವುದಿಲ್ಲ. ಸರಣಿಯ ಮೇಲೆ ನನಗಿರುವ ಪ್ರೀತಿಯ ಮೂಲ ಇಷ್ಟೇ.

ಇನ್ನೊಂದು ಮಾತು. ‘ದುರ್ಗಾಸ್ತಮಾನ’ದ ಕೊನೆ ಏನು ಅಂತ ಪುಸ್ತಕ ತೆರೆಯುವ ಮೊದಲೇ ಎಲ್ಲರಿಗೂ ಗೊತ್ತು. 1779ರಲ್ಲಿ ದುರ್ಗ ಹೈದರಾಲಿಯ ಪಾಲಾಯಿತು. ಸ್ಕೂಲಿನ ಪಾಠದಲ್ಲೇ ಇದೆ. ಆದರೂ ಕೊನೆಯ ಭಾಗಕ್ಕೆ ಬಂದಾಗ ಪುಟ ತಿರುಗಿಸಲು ಮನಸ್ಸೇ ಬರುವುದಿಲ್ಲ. ನಮ್ಮ ಲೈಬ್ರರಿಯಲ್ಲಿ ಒಬ್ಬರು ಬ್ಯಾಂಕಿನವರು ಈ ಪುಸ್ತಕ ತೆಗೆದುಕೊಂಡು ಹೋಗಿ, ಎರಡು ಸಲ ರಿನ್ಯೂ ಮಾಡಿಸಿದರು. ಅಷ್ಟೊಂದು ನಿಧಾನ ಓದುವವರಲ್ಲ ಅವರು. ಕೇಳಿದ್ದಕ್ಕೆ, ‘ಇನ್ನು ಸ್ವಲ್ಪವೇ ಇದೆ, ಮುಗಿಸೋಕೆ ಇಷ್ಟ ಇಲ್ಲ’ ಅಂದರು. ನಾನು ಬಾಡಿಗೆ ತೆಗೆದುಕೊಳ್ಳಲಿಲ್ಲ.

ಓದಿ ಮುಗಿಸಿದ ಮೇಲೆ ಒಂದು ಸಲ ದುರ್ಗಕ್ಕೆ ಹೋಗಿ ಬನ್ನಿ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್, ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ವಾಪಸ್ ಬರಬಹುದು. ಎಲ್ಲರೂ ಓಬವ್ವನ ಕಿಂಡಿ ನೋಡಲು ಓಡುತ್ತಾರೆ. ನೀವು ಅಲ್ಲಿಗೆ ಹೋಗುವ ಮುಂಚೆ ಏಕನಾಥೇಶ್ವರಿ ಗುಡಿಯ ಹತ್ತಿರ ಸ್ವಲ್ಪ ಕೂತುಕೊಳ್ಳಿ. ಪುಸ್ತಕಗಳಲ್ಲಿ ಎಷ್ಟು ಸಲ ಆ ತಾಯಿಯ ಹೆಸರು ಕೇಳಿರುತ್ತೀರಿ ಅಲ್ವಾ? ಗೋಪಾಲಸ್ವಾಮಿ ಹೊಂಡದಲ್ಲಿ ನೀರಿದ್ದರೆ ಅದನ್ನೂ ನೋಡಿ.

ಪ್ರಶ್ನೆ: ನಮ್ಮ ತಂದೆ ಜೀವನಪೂರ್ತಿ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನೂ ಓದಿದವರಲ್ಲ. ಅವರು ಹೋದ ಮೇಲೆ ಟ್ರಂಕ್ ತುಂಬ ಎನ್. ನರಸಿಂಹಯ್ಯ ಅವರ ಪುಸ್ತಕಗಳು ಸಿಕ್ಕಿವೆ. ಮನೆಯಲ್ಲಿ ಎಲ್ಲರೂ ರದ್ದಿಗೆ ಹಾಕು ಅನ್ನುತ್ತಿದ್ದಾರೆ. ಇದೂ ಒಂದು ಓದಾ?
— ಮಗ, ಮಾಗಡಿ ರಸ್ತೆ

ದಯವಿಟ್ಟು ರದ್ದಿಗೆ ಹಾಕಬೇಡಿ.

ನರಸಿಂಹಯ್ಯ ಸ್ಕೂಲಿನಲ್ಲಿ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಅಂದರೆ ಆ ಕಾಲದವರಿಗೆ ಪಕ್ಕದ ಬೀದಿಯವರಷ್ಟು ಪರಿಚಯ. ನಮ್ಮ ಕೌಂಟರಿಗೆ ಗಾರ್ಮೆಂಟ್ಸ್‌ನವರು, ಮಿಲ್ಲಿನಿಂದ ರಿಟೈರ್ ಆದವರು, ಆಟೋ ಓಡಿಸುವವರು ಬಂದು ಇವನ್ನೇ ಕೇಳುತ್ತಿದ್ದರು. ಒಬ್ಬರಿಗೆ ಓದುವುದು ಕಷ್ಟ ಆಗುತ್ತಿತ್ತು. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ ಓದುತ್ತಿದ್ದರು. ಕೊಲೆಗಾರ ಯಾರು ಅಂತ ತಿಳಿಯದೆ ಬಿಡುವ ಹಾಗಿಲ್ಲವಲ್ಲ, ಬಿಡಲಿಲ್ಲ. ನೋಡನೋಡುತ್ತ ಬೆರಳು ಇಡುವುದನ್ನೇ ನಿಲ್ಲಿಸಿದರು. ಇದನ್ನು ಓದು ಅಲ್ಲ ಅನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಟ್ರಂಕಿನ ಪುಸ್ತಕಗಳಲ್ಲಿ 21ನೇ ಪುಟ ತೆಗೆದು ನೋಡಿ. ಪುಟದ ನಂಬರಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದಾರಾ? ಇಲ್ಲ ಮೂಲೆಯಲ್ಲಿ ಸಣ್ಣ ಚುಕ್ಕೆ, ನಕ್ಷತ್ರ? ಬಾಡಿಗೆ ಲೈಬ್ರರಿಯ ಓದುಗರಿಗೆ ಆ ಅಭ್ಯಾಸ ಇತ್ತು. ಹೆಸರುಗಳೆಲ್ಲ ಒಂದೇ ಥರ ಇರುತ್ತಿದ್ದವು, ಓದಿದ್ದನ್ನೇ ಮತ್ತೆ ತೆಗೆದುಕೊಂಡು ಹೋಗಬಾರದು ಅಂತ ತಮ್ಮ ಗುರುತನ್ನು ಒಂದು ಗೊತ್ತಾದ ಪುಟದಲ್ಲಿ ಹಾಕುತ್ತಿದ್ದರು. ಎಲ್ಲರದ್ದೂ ಬೇರೆ ಬೇರೆ ಗುರುತು. ಒಂದೇ ಪುಟದಲ್ಲಿ ಒಂದು ಬಡಾವಣೆಯ ಓದುಗರೆಲ್ಲ ಹಾಜರಿ ಹಾಕಿರುತ್ತಿದ್ದರು. ಪುಟದ ನಂಬರು ನಿಮ್ಮ ತಂದೆಗೆ ಬೇರೆಯೇ ಇರಬಹುದು. ಹುಡುಕಿ, ಸಿಗುತ್ತದೆ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಹ್ಯಾರಿ ಪಾಟರ್‌ನ ಏಳೂ ಪುಸ್ತಕ ಮುಗಿಸಿ, ಮತ್ತೆ ಒಂದರಿಂದ ಶುರು ಮಾಡುತ್ತಾಳೆ. ಬೇರೆ ಪುಸ್ತಕ ಮುಟ್ಟಲ್ಲ. ಕನ್ನಡ ಅಂತೂ ಇಲ್ಲವೇ ಇಲ್ಲ. ಹೇಗೆ ಬಿಡಿಸಲಿ?
— ಒಬ್ಬ ತಾಯಿ, ಜೆ.ಪಿ. ನಗರ

ಬಿಡಿಸಬೇಡಿ. ಓದಿದ್ದನ್ನೇ ಓದುವುದು ಚಟ ಅಲ್ಲ, ಇಷ್ಟವಾದ ಊರಿಗೆ ಮತ್ತೆ ಹೋಗುವುದು. ಆ ಏಳು ಪುಸ್ತಕ 1997ರಿಂದ 2007ರವರೆಗೆ ಒಂದೊಂದಾಗಿ ಬಂದಾಗ ಮಕ್ಕಳು ಕಾದು ಕಾದು ಓದಿದರು. ನಿಮ್ಮ ಮಗಳಿಗೆ ಏಳೂ ಒಟ್ಟಿಗೆ ಸಿಕ್ಕವು, ಕಾಯುವ ಸುಖ ಸಿಗಲಿಲ್ಲ. ಅದಕ್ಕೇ ಸುತ್ತು ಹಾಕುತ್ತಿದ್ದಾಳೆ ಅಂತ ನನಗೆ ಅನ್ನಿಸುತ್ತದೆ.

ಅವಳಿಗೆ ಬೇಕಾಗಿರುವುದು ಮಂತ್ರದಂಡ ಅಂದುಕೊಳ್ಳಬೇಡಿ. ಪರಿಚಯದ ಜನ, ಪರಿಚಯದ ಜಾಗ ಬೇಕು. ಹಾಗಾಗಿ ಇಂಗ್ಲಿಷಿನಲ್ಲೇ ಮುಂದಿನದು ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಕೊಡಿ. ಮೊದಲು ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935), ಆಮೇಲೆ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ (1937), ‘ದಿ ಇಂಗ್ಲಿಷ್ ಟೀಚರ್’ (1945). ಸ್ವಾಮಿ, ಚಂದ್ರನ್, ಕೃಷ್ಣನ್ ಅಂತ ಒಂದೊಂದರಲ್ಲಿ ಒಬ್ಬೊಬ್ಬ ಹೀರೋ. ಊರು ಮಾತ್ರ ಒಂದೇ, ಸರಯೂ ನದಿಯೂ ಒಂದೇ. ಅವಳಿಗೆ ಇದನ್ನೂ ಹೇಳಿ: ಆ ಊರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 1930ರ ವಿಜಯದಶಮಿ. ಅಜ್ಜಿ ನೋಡಿ ಹೇಳಿದ ಒಳ್ಳೆ ದಿನ. ನಾರಾಯಣ್ ಒಂದು ನೋಟ್‌ಬುಕ್ ಕೊಂಡು ತಂದು ಬರೆಯಲು ಕೂತರು. ಮೊದಲು ಕಣ್ಣ ಮುಂದೆ ಬಂದದ್ದು ಮಾಲ್ಗುಡಿಯ ರೈಲ್ವೆ ಸ್ಟೇಷನ್ನು.

ಕನ್ನಡಕ್ಕೆ ತೇಜಸ್ವಿ. ‘ಕರ್ವಾಲೊ’ ತಂದಿಡಿ. ಮೊದಲ ಅಧ್ಯಾಯ ನೀವೇ ಜೋರಾಗಿ ಓದಿ, ರಾತ್ರಿ ಊಟ ಆದ ಮೇಲೆ. ಎಂಟನೇ ಕ್ಲಾಸಿನವಳಿಗೆ ಓದಿ ಹೇಳುವುದಾ ಅಂತ ಸಂಕೋಚ ಬೇಡ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಕಣ್ಣು ಮಾತ್ರ ತಡವರಿಸುತ್ತದೆ. ಮಂದಣ್ಣನ ಭಾಗ ಬರುವಷ್ಟರಲ್ಲಿ ಪುಸ್ತಕ ಅವಳ ಕೈಗೆ ಹೋಗಿರುತ್ತದೆ. ಆಮೇಲೆ ‘ಪರಿಸರದ ಕತೆ’ ಕೊಡಿ, ಏನೂ ಹೇಳಬೇಡಿ. ಎರಡರಲ್ಲೂ ಒಂದೇ ನಾಯಿ, ಕಿವಿ. ಅವಳೇ ಕಂಡುಹಿಡಿಯಲಿ. ಸರಣಿ ಅಂತ ಮುಖಪುಟದ ಮೇಲೆ ಎಲ್ಲೂ ಬರೆದಿಲ್ಲ, ಆದರೆ ಆ ನಾಯಿಯನ್ನು ಮತ್ತೆ ಕಂಡ ಮಕ್ಕಳು ಕುಣಿದದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ‘ನಾಗರಹಾವು’ ಸಿನಿಮಾ ಮೂರು ಕಾದಂಬರಿ ಸೇರಿಸಿ ಮಾಡಿದ್ದು ಅಂತಾರೆ, ನಿಜವಾ?
— ಕಾಲೇಜು ವಿದ್ಯಾರ್ಥಿ, ಕೆಂಗೇರಿ

ನಿಜ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರೂ ತರಾಸು ಅವರದ್ದೇ. ಪುಟ್ಟಣ್ಣ ಕಣಗಾಲ್ 1972ರಲ್ಲಿ ಸಿನಿಮಾ ಮಾಡಿದರು. ಪುಸ್ತಕದ ರಾಮಾಚಾರಿಯನ್ನು ನೀವು ಇನ್ನೂ ಕಂಡಿಲ್ಲ, ಮೂರನ್ನೂ ಓದಿ.

ಪ್ರಶ್ನೆ: ಸರಣಿಯ ಒಂದನೇ ಭಾಗ ಸಿಗುತ್ತದೆ, ಮೂರನೆಯದು ಸಿಗುತ್ತದೆ, ಎರಡನೆಯದು ಸಿಗಲ್ಲ. ಬೆಂಗಳೂರಿನಲ್ಲಿ ಎಲ್ಲಿ ಹುಡುಕಲಿ?
— ಗೃಹಿಣಿ, ಯಲಹಂಕ

ಈ ಕಷ್ಟ ನನಗೆ ಚೆನ್ನಾಗಿ ಗೊತ್ತು. ಒಂದನೇ ಭಾಗ ಓದಿದವರು ಎರಡನೆಯದಕ್ಕೆ ಅವತ್ತೇ ಓಡಿ ಬರುತ್ತಿದ್ದರು, ತೆಗೆದುಕೊಂಡು ಹೋದವರು ಅಕ್ಕಂದಿರಿಗೆ, ಓರಗಿತ್ತಿಯರಿಗೆ ಕೊಡುತ್ತಿದ್ದರು, ಪುಸ್ತಕ ಮದುವೆ ಮನೆ ಸೇರಿ ಊರು ಬಿಡುತ್ತಿತ್ತು. ಕಳೆದುಹೋಗುವುದು ಯಾವಾಗಲೂ ನಡುವಿನದೇ.

ಮೊದಲು ಗಾಂಧಿಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕ ಮಳಿಗೆಗಳಲ್ಲಿ ಹೊಸ ಮುದ್ರಣ ಇದೆಯಾ ಕೇಳಿ. ಹಳೆ ಕಾದಂಬರಿಗಳು ಮರುಮುದ್ರಣ ಆಗುತ್ತಲೇ ಇರುತ್ತವೆ. ಇಲ್ಲದಿದ್ದರೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಅವೆನ್ಯೂ ರಸ್ತೆಗೆ ನಡೆಯಿರಿ. ಅಲ್ಲಿ ಟೆಕ್ಸ್ಟ್‌ಬುಕ್ಕೇ ಜಾಸ್ತಿ, ಆದರೆ ಹಳೆ ಕನ್ನಡ ಕಾದಂಬರಿ ಇದೆಯಾ ಅಂತ ಬಾಯಿಬಿಟ್ಟು ಕೇಳಿದರೆ ಒಳಗಿನಿಂದ ತೆಗೆಯುತ್ತಾರೆ. ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಇಂಗ್ಲಿಷ್ ಸರಣಿಗಳ ಬಿಡಿ ಭಾಗ ಸಿಗುತ್ತವೆ. ತೆಗೆದುಕೊಳ್ಳುವ ಮುಂಚೆ ಕೊನೆಯ ಪುಟಗಳು ಇವೆಯಾ ನೋಡಿ. ಹಳೆ ಪುಸ್ತಕದಲ್ಲಿ ಮೊದಲು ಕಿತ್ತುಹೋಗುವುದು ಅವೇ.

ಎಲ್ಲೂ ಸಿಗದಿದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ, ರಸೀದಿ ತೆಗೆದು ನೋಡಿ. ಅದು ನಿಮ್ಮದೇ ಲೈಬ್ರರಿ. ಯಾವ ಸರಣಿಯ ಎರಡನೇ ಭಾಗ ಅಂತ ಪತ್ರದಲ್ಲಿ ಬರೆದಿಲ್ಲ ನೀವು. ಹೆಸರು ಬರೆದು ಕಳಿಸಿ. ಲೈಬ್ರರಿ ಮುಚ್ಚಿದಾಗ ಉಳಿದ ಪುಸ್ತಕಗಳು ನಮ್ಮ ಮನೆ ಅಟ್ಟದ ಮೇಲಿವೆ, ಇಳಿಸಿ ಹುಡುಕುತ್ತೇನೆ.