ಬಾಲ್ಯವನ್ನು ಕಾದಂಬರಿ ಮಾಡಲು ಕೂತಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು ಕರಾವಳಿಯ ಹಳ್ಳಿಯ ಮಹಿಳೆ, ವಯಸ್ಸು 33. ನರ್ಸಿಂಗ್ ಓದಿ, ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆ ಪಾಸಾಗಿ, ಈಗ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಕೆಲಸ. ಅಪ್ಪ ಕುಡಿದು ಬಂದು ಬೆಲ್ಟಿನಿಂದ ಹೊಡೆಯುತ್ತಿದ್ದ ಮನೆಯಿಂದ ಪಾರಾದ ಕಥೆಯನ್ನೇ ಕಾದಂಬರಿಯಾಗಿ ಬರೆಯತೊಡಗಿದ್ದರು. ಮೂರನೇ ಅಧ್ಯಾಯದ ಹೊತ್ತಿಗೆ ನಿದ್ದೆ ಕೆಟ್ಟಿತು. ವಾರ್ಡಿನಲ್ಲಿ ಟ್ರೇ ಬಿದ್ದ ಸದ್ದಿಗೂ ಮೈ ನಡುಗತೊಡಗಿತು. "ಇಷ್ಟು ದೂರ ಬಂದರೂ ಬಿಡ್ತಿಲ್ಲ ಅಲ್ವಾ ಮೇಡಂ?" ಎಂದು ವಿಡಿಯೊ ಕರೆಯಲ್ಲಿ ಕೇಳಿದರು.

ದೂರ ಹೋದದ್ದು ಸರಿಯಾದ ನಿರ್ಧಾರ. ಹೊಸ ಏಟು ಬೀಳುವುದು ನಿಂತಿತು. ಹಳೆಯ ಭಯಕ್ಕೆ ಒಗ್ಗಿದ ದೇಹ ಮಾತ್ರ ಊರು ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ. ಭಾಷೆ, ಪರವಾನಗಿ, ಮನೆ ಹುಡುಕಾಟ ಇವೆಲ್ಲ ಇದ್ದ ವರ್ಷಗಳಲ್ಲಿ ನೆನಪಿಗೆ ಬಿಡುವೇ ಇರಲಿಲ್ಲ. ಬದುಕು ನೆಲೆ ನಿಂತ ಮೇಲೆ ತೊಂದರೆ ಶುರುವಾಗುವುದು ತೀರಾ ಸಾಮಾನ್ಯ, ಅದು ಸೋಲಲ್ಲ.

ತೊಂದರೆ ಹೆಚ್ಚಿದ್ದು ಬರೆಯುವ ರೀತಿಯಿಂದ. ಸಂಜೆಯ ಪಾಳಿ ಮುಗಿಸಿ, ರಾತ್ರಿ ಒಬ್ಬರೇ, ಎರಡು ಮೂರು ಗಂಟೆ ಒಂದೇ ಸಮನೆ, ಕಣ್ಣು ಮುಚ್ಚಿ ನೆನಪಿಸಿಕೊಂಡು ಬರೆಯುತ್ತಿದ್ದರು. ಆಮೇಲೆ ನಿದ್ದೆಗೆಂದು ಒಂದು ಗ್ಲಾಸ್ ವೈನ್. ಒಮ್ಮೆ ಎಲ್ಲ ಕಕ್ಕಿಬಿಟ್ಟರೆ ಹಗುರಾಗುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಆದರೆ ದಣಿದ ಮೆದುಳಿಗೆ ಆ ನೆನಪು ಕಳೆದುಹೋದದ್ದಾಗಿ ಕಾಣುವುದಿಲ್ಲ, ಈಗಲೇ ನಡೆಯುತ್ತಿರುವಂತೆ ಅನಿಸುತ್ತದೆ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ನಡುರಾತ್ರಿ ಎಚ್ಚರವಾಗುತ್ತದೆ. ವೈನ್ ಬಿಡಲು ಮೊದಲು ಹೇಳಿದ್ದು ಅದಕ್ಕೇ.

ಬರವಣಿಗೆ ನಿಲ್ಲಿಸಿ ಎನ್ನಲಿಲ್ಲ. ಅದು ಅವರ ಶಕ್ತಿ. ಕ್ರಮ ಬದಲಿಸಿದೆವು. ರಜೆಯ ದಿನ, ನಿದ್ದೆಯಾದ ಮೇಲೆ, ಹಗಲಲ್ಲಿ, ಅಲಾರಂ ಇಟ್ಟು 20 ನಿಮಿಷ ಮಾತ್ರ. ವಿಮಾನ ನಿಲ್ದಾಣ, ಮೊದಲ ಚಳಿಗಾಲ, ಅನ್ನಕ್ಕೆ ಸರಿಯಾದ ಅಕ್ಕಿ ಹುಡುಕಿದ್ದು ಇಂಥ ಭಾಗಗಳಿಂದ ಆರಂಭ. ಪಾತ್ರಕ್ಕೆ ಬೇರೆ ಹೆಸರು, "ನಾನು" ಬದಲು "ಅವಳು". ಅತ್ಯಂತ ಕಷ್ಟದ ದೃಶ್ಯಕ್ಕೆ ಸದ್ಯ ಒಂದೇ ಸಾಲು ಗುರುತು ಹಾಕಿ ಮುಂದೆ ಹೋಗಬೇಕು. ಅದನ್ನು ತೆರೆಯುವುದು ಚಿಕಿತ್ಸಕರ ಜೊತೆಗಿದ್ದಾಗ. ಸಂಕಟಕ್ಕೆ 0ರಿಂದ 10ರ ಅಂಕ ಕೊಡುತ್ತಿರಬೇಕು. 6 ದಾಟಿದರೆ ವಾಕ್ಯ ಅರ್ಧಕ್ಕಿದ್ದರೂ ಪೆನ್ನು ಕೆಳಗಿಡಬೇಕು.

ಪೆನ್ನು ಇಟ್ಟ ಮೇಲೆ ಕಣ್ಣು ತೆರೆದೇ ಇರಲಿ. ಕಣ್ಣು ಮುಚ್ಚಿ ದೀರ್ಘ ಉಸಿರಾಟ ಮಾಡಿದರೆ ಇಂಥವರಲ್ಲಿ ಕೆಲವರಿಗೆ ನೆನಪಿನ ಚಿತ್ರ ಇನ್ನಷ್ಟು ಹತ್ತಿರವಾಗುತ್ತದೆ. ಪಾದ ನೆಲಕ್ಕೊತ್ತಿ, ಇಂದಿನ ತಾರೀಖು, ತಮ್ಮ ವಯಸ್ಸು, ಬೀದಿಯ ಹೆಸರು ಗಟ್ಟಿಯಾಗಿ ಹೇಳಬೇಕು. ನಾಲ್ಕು ಎಣಿಸಿ ಉಸಿರೆಳೆದು ಆರು ಎಣಿಸಿ ಬಿಡಬೇಕು. ಆಮೇಲೆ ತಣ್ಣೀರಲ್ಲಿ ಕೈ ತೊಳೆದು, 15 ನಿಮಿಷ ಹೊರಗೆ ನಡಿಗೆ.

ಇಷ್ಟರಿಂದಲೇ ವಾಸಿಯಾಗದು. ಆಘಾತವನ್ನೇ ಕೇಂದ್ರವಾಗಿಟ್ಟ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ವರ್ತನೆಗಳನ್ನು ಬದಲಿಸುವ ಮಾತಿನ ಚಿಕಿತ್ಸೆ, ಸಿಬಿಟಿ) ಅಥವಾ ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಕಹಿ ನೆನಪನ್ನು ಎದುರಿಸುವ ಚಿಕಿತ್ಸೆ) ಬೇಕು. ಜರ್ಮನಿಯಲ್ಲಿ ಸರ್ಕಾರಿ ಆರೋಗ್ಯ ವಿಮೆ ಇದ್ದವರು 116117ಕ್ಕೆ ಕರೆ ಮಾಡಿ ಮನೋಚಿಕಿತ್ಸಕರ ಮೊದಲ ಭೇಟಿ ಕೇಳಬಹುದು, ವೈದ್ಯರ ಚೀಟಿ ಬೇಕಿಲ್ಲ. ಮೊದಲ ಭೇಟಿಗೆ ನಾಲ್ಕೇ ಸಾಲು ಬರೆದೊಯ್ಯಲು ಹೇಳಿದೆವು: ಏನು ತೊಂದರೆ, ಎಂದಿನಿಂದ, ನಿದ್ದೆ ಎಷ್ಟು, ಪಾಳಿಯ ವೇಳೆ. ಬಾಲ್ಯವೆಲ್ಲ ಅಂದೇ ಹೇಳಬೇಕಿಲ್ಲ. ಸಾಯುವ ಯೋಚನೆ ಬಂದರೆ ಕಾಯದೆ ತುರ್ತು ಸಂಖ್ಯೆ 112ಕ್ಕೆ ಕರೆ. ಮಾತಾಡಲು ಯಾರಾದರೂ ಬೇಕೆನಿಸಿದರೆ ಅಲ್ಲಿನ ಸಹಾಯವಾಣಿ 0800 111 0 111, ಹಗಲು ರಾತ್ರಿ ಉಚಿತ.

ಎಲ್ಲಕ್ಕಿಂತ ಭಾರವಾಗಿ ಕಾಡುತ್ತಿದ್ದದ್ದು, ತಂಗಿಯನ್ನು ಬಿಟ್ಟು ಬಂದೆ ಎನ್ನುವುದು. ತಂಗಿಗೆ 24, ಹೊಡೆತ ಇನ್ನೂ ಇದೆ. ಈ ಅಪರಾಧಭಾವಕ್ಕೆ ಸಮಾಧಾನದ ಮಾತು ಸಾಲದು, ಕೆಲಸ ಬೇಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೆಂಡತಿಗಷ್ಟೇ ಅಲ್ಲ, ಮಗಳಿಗೂ ರಕ್ಷಣೆ ಕೊಡುತ್ತದೆ. 181 ಮಹಿಳಾ ಸಹಾಯವಾಣಿಯನ್ನು ತಂಗಿಯ ಮೊಬೈಲಿನಲ್ಲಿ ಬೇರೆ ಹೆಸರಿನಲ್ಲಿ ಉಳಿಸಿಡಲು, ಅಂಕಪಟ್ಟಿ, ಆಧಾರ್ ಒಬ್ಬ ಗೆಳತಿಯ ಮನೆಯಲ್ಲಿಡಲು ತಿಳಿಸಿದೆವು. ಅಪ್ಪನನ್ನು ಫೋನಿನಲ್ಲಿ ಎದುರಿಸುವ ಪ್ರಯತ್ನ ಬೇಡ. ಅದರ ಬೆಲೆ ತೆರುವವಳು ಮನೆಯಲ್ಲಿರುವ ತಂಗಿ.

ಕಾದಂಬರಿ ಅಚ್ಚಿಗೆ ಕೊಡುವ ಮಾತು ತಂಗಿ ಆ ಮನೆಯಿಂದ ಹೊರಬಂದು, ಓದಿ, ಒಪ್ಪಿದ ಮೇಲೆ.