ಹತ್ತೇ ನಿಮಿಷಕ್ಕೆ ಬಂದ ರಿಜೆಕ್ಷನ್ ಮೇಲ್ ಬಗ್ಗೆ

ನಿಮ್ಮ ಪತ್ರ ಎರಡು ಸಲ ಓದಿದೆ. ಆಪರ್ಚುನಿಟಿ ಕಾರ್ಡ್, ಅಂದರೆ ಕೆಲಸ ಹುಡುಕಲು ಜರ್ಮನಿ ಕೊಡುವ ಪರ್ಮಿಟ್ ಮೇಲೆ ಮ್ಯೂನಿಕ್‌ಗೆ ಬಂದು ನಾಲ್ಕು ತಿಂಗಳು. ಅರವತ್ತು ಅರ್ಜಿ, ಬಂದಿದ್ದು ಎರಡೇ ಫೋನ್. ಶನಿವಾರ ರಾತ್ರಿ ಹನ್ನೊಂದಕ್ಕೆ ಹಾಕಿದ ಅರ್ಜಿಗೆ ಹತ್ತೇ ನಿಮಿಷದಲ್ಲಿ ‘ಕ್ಷಮಿಸಿ’ ಅಂತ ಮೇಲ್. "ಅಕ್ಕಾ, ಎಐ ನನ್ನ ಹೆಸರು ನೋಡಿಯೇ ಪಕ್ಕಕ್ಕೆ ಹಾಕ್ತಿದೆಯಾ?" ಅಂತ ಕೇಳಿದ್ದೀರಿ.

ನಾನು ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯ್ತು. ಈಗ ನಮ್ಮ ಟೀಮಿಗೆ ಜನರನ್ನು ಆರಿಸುವಾಗ ನಾನೂ ಕೂರುತ್ತೇನೆ. ಕಂಡಿದ್ದನ್ನೇ ಹೇಳುತ್ತೇನೆ.

ಹತ್ತು ನಿಮಿಷದ ಮೇಲ್ ಬಹಳ ಸಲ ಎಐ ಕೆಲಸವೇ ಅಲ್ಲ. ಫಾರ್ಮ್‌ನಲ್ಲಿ ಕೆಲವು ಪ್ರಶ್ನೆ ಇರುತ್ತವೆ ಅಲ್ವಾ: ವರ್ಕ್ ಪರ್ಮಿಟ್ ಇದೆಯಾ, ಜರ್ಮನ್ ಯಾವ ಮಟ್ಟ, ಸಂಬಳ ಎಷ್ಟು ಬೇಕು. ಅಲ್ಲಿ ಒಂದು ಉತ್ತರ ಹೊಂದದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಕಾರ್ಡ್‌ನಲ್ಲಿ ಈಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ನಿಜ. ಆದರೆ ಸರಿಯಾದ ಕೆಲಸ ಸಿಕ್ಕರೆ ಇಲ್ಲಿಂದಲೇ ಬೇರೆ ಪರ್ಮಿಟ್‌ಗೆ ಬದಲಾಯಿಸಿಕೊಳ್ಳಬಹುದು. ಬರೆಯಲು ಜಾಗ ಇದ್ದ ಕಡೆಯೆಲ್ಲ ಇದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಕಳೆದ ವರ್ಷ ನಮ್ಮ ಪಟ್ಟಿಯಲ್ಲಿ ಕೊನೆಯಲ್ಲಿ ಒಬ್ಬ ಹುಡುಗ ಇದ್ದ. ಸಾಫ್ಟ್‌ವೇರ್ ಕೊಟ್ಟ ಅಂಕದ ಪ್ರಕಾರ ಅವನನ್ನು ತೆರೆದು ನೋಡುವ ಅಗತ್ಯವೇ ಇರಲಿಲ್ಲ. ಬೆಳಗಾವಿಯ ವಿಟಿಯು ಹೆಸರು ಕಣ್ಣಿಗೆ ಬಿತ್ತು ಅಂತ ತೆರೆದೆ. ಡಿಗ್ರಿಯ ಅಂಕದ ಜಾಗದಲ್ಲಿ 8.1 ಅಂತ ಹಾಕಿದ್ದ. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 4 ಅಂದರೆ ಬರೀ ಪಾಸ್. 8.1 ಅನ್ನುವ ಅಂಕವೇ ಇಲ್ಲ! ಹೊರದೇಶದ ಅಂಕವನ್ನು ಇಲ್ಲಿಯ ಅಂಕಕ್ಕೆ ಬದಲಾಯಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ಅದರಲ್ಲಿ ಹಾಕಿದರೆ ಅವನದು ಎರಡರ ಆಸುಪಾಸು ಬರುತ್ತಿತ್ತು, ಅಂದರೆ ಒಳ್ಳೆಯ ಅಂಕ. ಅವನನ್ನು ಮಾತಿಗೆ ಕರೆದೆವು. ಆವತ್ತಿನಿಂದ ನಾನು ಪಟ್ಟಿಯ ಕೆಳಗಿನ ಹತ್ತನ್ನೂ ತೆರೆದು ನೋಡದೆ ಬಿಡುವುದಿಲ್ಲ. ಆದರೆ ಎಲ್ಲ ಕಡೆ ನೋಡುತ್ತಾರೆ ಅಂತ ನಂಬಿ ಕೂರಬೇಡಿ. ಅಂಕ ಇಲ್ಲಿಯ ಲೆಕ್ಕಕ್ಕೆ ಬದಲಾಯಿಸಿ. ‘ಬಿಇ’ ಅಂತ ಬಿಡದೆ ಬ್ಯಾಚಲರ್ ಆಫ್ ಎಂಜಿನಿಯರಿಂಗ್ ಅಂತ ಪೂರ್ತಿ ಬರೆಯಿರಿ. ಎರಡು ಕಾಲಮ್ಮಿನ ಚಂದದ ಸಿವಿ ಬೇಡ, ಸಾಫ್ಟ್‌ವೇರ್ ಸಾಲುಗಳನ್ನು ಕಲಸಿಬಿಡುತ್ತದೆ. ನಮ್ಮಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುತ್ತದಲ್ಲ, ಅದು ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಇರಲಿ.

ಬಿಳಿ ಅಕ್ಷರದಲ್ಲಿ ಕಾಣದ ಹಾಗೆ ಕೀವರ್ಡ್ ತುಂಬಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಕಾಪಿ ಮಾಡಿದ ತಕ್ಷಣ ಎಲ್ಲ ಕಾಣುತ್ತದೆ. ಆಮೇಲೆ ನಿಮ್ಮ ನಿಜವಾದ ಅನುಭವವನ್ನೂ ಯಾರೂ ನಂಬುವುದಿಲ್ಲ.

ಇನ್ನು ಹೆಸರಿನ ವಿಷಯ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಒಂದೇ ಅರ್ಹತೆಯ ಕಾಲ್ಪನಿಕ ಅರ್ಜಿಗಳನ್ನು ಜರ್ಮನಿಯ ಕಂಪನಿಗಳಿಗೆ ಕಳಿಸಿದರು. ಜರ್ಮನ್ ಹೆಸರಿನ ಹೆಣ್ಣುಮಗಳಿಗೆ ನೂರಕ್ಕೆ ಸುಮಾರು 19 ಕಡೆಯಿಂದ ಕರೆ ಬಂತು. ಟರ್ಕಿಶ್ ಹೆಸರಿಗೆ 14. ಅದೇ ಟರ್ಕಿಶ್ ಹೆಸರಿನ ಜೊತೆ ಫೋಟೋದಲ್ಲಿ ತಲೆವಸ್ತ್ರವೂ ಇದ್ದರೆ 4. ಎಐ ಕಲಿಯುವುದು ಮನುಷ್ಯರ ಇಂಥ ಹಳೆಯ ನಿರ್ಧಾರಗಳಿಂದಲೇ. ಅಮೆಜಾನ್ ತಾನೇ ಕಟ್ಟಿದ ಇಂಥದ್ದೊಂದು ಸಾಧನ ಹೆಂಗಸರ ಸಿವಿಗಳಿಗೆ ಅಂಕ ಕಡಿಮೆ ಮಾಡುತ್ತಿದೆ ಅಂತ ಗೊತ್ತಾಗಿ ಅದನ್ನು ಕೈಬಿಟ್ಟಿತು, 2018ರಲ್ಲಿ ಆ ಸುದ್ದಿ ಹೊರಬಂತು.

ಕ್ಯಾಮೆರಾ ಮುಂದೆ ಒಬ್ಬರೇ ಕೂತು ಉತ್ತರ ಹೇಳುವ ವಿಡಿಯೋ ಇಂಟರ್‌ವ್ಯೂ ನಿಮಗೆ ತುಂಬಾ ಕಷ್ಟ ಆಗಿದೆ ಅಂತ ಗೊತ್ತಾಯಿತು. 2021ರಲ್ಲಿ ನಮ್ಮ ಇದೇ ಊರಿನ ಬಯರಿಷರ್ ರುಂಡ್‌ಫುಂಕ್ ಅನ್ನುವ ರೇಡಿಯೋ-ಟಿವಿ ಸಂಸ್ಥೆಯ ಪತ್ರಕರ್ತರು ಅಂಥ ಒಂದು ಸಾಫ್ಟ್‌ವೇರ್ ಪರೀಕ್ಷಿಸಿದ್ದರು. ಕನ್ನಡಕ ಹಾಕಿದರೆ ವ್ಯಕ್ತಿತ್ವದ ಅಂಕ ಬದಲಾಯಿತು. ಹಿಂದೆ ಪುಸ್ತಕದ ಕಪಾಟು ಇಟ್ಟರೂ ಬದಲಾಯಿತು. ಮನುಷ್ಯಳು ಅವಳೇ, ಮಾತೂ ಅದೇ. ಆದ್ದರಿಂದ ಆ ಅಂಕವೇ ನೀವು ಅಂತ ದಯವಿಟ್ಟು ಅಂದುಕೊಳ್ಳಬೇಡಿ. 2025ರ ಫೆಬ್ರವರಿ 2ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಕೆಲಸದ ಜಾಗದಲ್ಲಿ ಎಐ ಬಳಸಿ ಮುಖ ನೋಡಿ ಭಾವನೆ ಅಳೆಯುವುದು ನಿಷೇಧ. ಉದ್ಯೋಗಕ್ಕೆ ಆರಿಸುವಾಗಲೂ ಅದು ಅನ್ವಯಿಸುತ್ತದೆ.

ನಮ್ಮವರು ಮಾಡದೇ ಇರುವ ಕೆಲಸ ಒಂದಿದೆ. ಕೇಳುವುದಿಲ್ಲ. ‘ಆಗಲಿಲ್ಲ ಬಿಡು’ ಅಂತ ಮುಂದಿನ ಅರ್ಜಿಗೆ ಹೋಗುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಇಲ್ಲಿ ಜಿಡಿಪಿಆರ್ ಇದೆ, ನಮ್ಮ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಯುರೋಪಿಯನ್ ಒಕ್ಕೂಟದ ಕಾನೂನು. ಅದರ 15ನೇ ವಿಧಿಯ ಪ್ರಕಾರ ನಿಮ್ಮ ಬಗ್ಗೆ ಏನೇನು ಇಟ್ಟುಕೊಂಡಿದ್ದಾರೆ ಅಂತ ಕೇಳಬಹುದು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. 22ನೇ ವಿಧಿ ಬರೀ ಯಂತ್ರ ಒಂದೇ ಮಾಡುವ ಇಂಥ ನಿರ್ಧಾರಗಳಿಗೆ ಕಡಿವಾಣ ಹಾಕುತ್ತದೆ. ‘ಅಂಕ ಮಾತ್ರ ನಮ್ಮದು, ನಿರ್ಧಾರ ಅವರದು’ ಅಂತ ಅಂಕ ಹಾಕುವ ಕಂಪನಿ ವಾದಿಸುವುದೂ ಈಗ ಸುಲಭವಲ್ಲ. ಆ ಅಂಕವನ್ನೇ ನೆಚ್ಚಿ ನಿರ್ಧರಿಸಿದರೆ ಅಂಕ ಹಾಕಿದ್ದೇ ನಿರ್ಧಾರ ಅಂತ 2023ರ ಡಿಸೆಂಬರ್ 7ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು. ಅದು ಸಾಲದ ಸ್ಕೋರ್‌ನ ಮೊಕದ್ದಮೆ, ಆದರೂ ತರ್ಕ ಇಲ್ಲಿಗೂ ಮುಖ್ಯ. ಭೇದಭಾವ ಆಗಿದೆ ಅನ್ನಿಸಿದರೆ ಪರಿಹಾರ ಕೇಳಲು ಎರಡೇ ತಿಂಗಳು ಸಮಯ, ಮರೆಯಬೇಡಿ.

ನಾಲ್ಕು ಸಾಲು ಸಾಕು, ಮರ್ಯಾದೆಯಿಂದ ಬರೆಯಿರಿ: ನನ್ನ ಅರ್ಜಿಯನ್ನು ಒಬ್ಬ ಮನುಷ್ಯ ನೋಡಿದರಾ, ಯಾವ ಸಾಧನ ಬಳಸಿದಿರಿ, ಮತ್ತೊಮ್ಮೆ ನೋಡುವಿರಾ. ನಿಮಗೆ ನಿಜವಾಗಿ ಹೊಂದುವ ಮೂರು ಕೆಲಸಗಳಿಗೆ ಮೊದಲು ಕಳಿಸಿ.

ಸಿವಿ ನನಗೂ ಕಳಿಸಿ, ಭಾನುವಾರ ಕೂತು ನೋಡುತ್ತೇನೆ. ಅಂಕದ ಲೆಕ್ಕ ಇಬ್ಬರೂ ಸೇರಿ ಹಾಕೋಣ.